ಪೂಜೆಗೆ ಕೂತ ಮೂರು ಓಲೆ

ಹತ್ತಿರ ಬನ್ನಿ ಮಕ್ಕಳಾ. ಗೋಡೆಗೆ ಒರಗಬೇಡಿ, ಒರಗಿದೋರಿಗೆ ನಿದ್ದೆ ಬರುತ್ತೆ. ನಾನು ಹೇಳೋಕೆ ಹೊರಟಿರೋದೇ ನಿದ್ದೆಯಿಂದ ಕೆಟ್ಟ ಒಂದು ಕಥೆ. ನಾನೊಂದು ಮಾತು ಹೇಳಿದರೆ ನೀವೊಂದು ಹೂಂ ಅನ್ನಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತೆ, ಆಮೇಲೆ ನನ್ನ ಬೈಬೇಡಿ.

ಮಲ್ಲಿಗೆದುರ್ಗ ಅಂತ ಒಂದು ರಾಜ್ಯ. ಆ ರಾಜ್ಯದಲ್ಲಿ ಕಡ್ಲೆಬಾಳು ಅಂತ ಒಂದು ಊರು. ಆ ಊರಲ್ಲಿ ಒಂದು ಶಾಲೆ. ಈಗಿನ ಹಾಗೆ ಬೆಂಚು ಗಿಂಚು ಏನೂ ಇಲ್ಲ. ಕಲ್ಲುಚಪ್ಪಡಿ ಹಾಸಿದ ಅಂಗಳ, ಉದ್ದನೆಯ ಜಗುಲಿ, ಅಕ್ಷರ ತಿದ್ದೋಕೆ ಮರಳು, ಅಷ್ಟೇ. ಮಕ್ಕಳು ಅರವತ್ತು, ಐನೋರು ಮೂವರು. ಐನೋರು ಅಂದರೆ ಆಗಿನ ಕಾಲದ ಮೇಷ್ಟ್ರು.

ಒಬ್ಬ ಅಕ್ಷರ ತಿದ್ದಿಸೋ ತಿಮ್ಮರಸಯ್ಯ. ಅವನಿಗೆ ಪ್ರಾಣಕ್ಕಿಂತ ಮೀಸೆ ಹೆಚ್ಚು. ಇನ್ನೊಬ್ಬ ಪದ್ಯ ಹೇಳಿಸೋ ಸಾಂಬಯ್ಯ. ಅವನಿಗೆ ನೀರು ಕಂಡರೆ ಭಯ, ಹಂಡೆಯೊಳಗೂ ಬಗ್ಗಿ ನೋಡೋನಲ್ಲ. ಮೂರನೆಯವನು ಮಗ್ಗಿ ಹೇಳಿಸೋ ಪಾಲಾಕ್ಷಯ್ಯ. ನಮ್ಮ ಕಥೆ ಇವನದೇ. ಇಪ್ಪತ್ತೆರಡು ವರ್ಷ ಮಗ್ಗಿ ಹೇಳಿಸಿ ಹೇಳಿಸಿ, ಪಾಪ, ಕೆಮ್ಮಿದರೂ ಮಗ್ಗಿಯ ಲಯದಲ್ಲೇ ಕೆಮ್ಮೋನು. ಅವನಿಗೆ ಬೇರೆ ಏನೂ ಬಾರದು. ನೇಗಿಲು ಹಿಡಿಯೋಕೆ ಬಾರದು, ಮಗ್ಗ ನೇಯೋಕೆ ಬಾರದು. "ಮಗ್ಗಿ ಹೋದರೆ ನಾನು ಹೋದ ಹಾಗೆ ಕಣ್ರೋ" ಅಂತ ಅವನೇ ಹೇಳೋನು.

ಈ ಮೂವರ ಮೇಲೆ ಒಬ್ಬರು ದೊಡ್ಡೈನೋರು. ಹೆಸರು ಚಿದಾನಂದಯ್ಯ. ಹೆಸರಿಗೆ ತಕ್ಕ ಹಾಗೆ ಅವರ ಆನಂದವೆಲ್ಲ ಒಂದರಲ್ಲೇ ಇತ್ತು. ಮಧ್ಯಾಹ್ನದ ನಿದ್ದೆ! ಉಂಡು ಬಂದು ಜಗುಲಿಯ ಮೇಲೆ ಉರುಳಿಕೊಳ್ಳೋರು. ಅರವತ್ತು ಮಕ್ಕಳೂ ಒಟ್ಟಿಗೆ ಹದಿಮೂರರ ಮಗ್ಗಿ ಶುರು ಮಾಡಬೇಕು. "ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು..." ಹದಿಮೂರ್ನಾಕ್ಲ ಐವತ್ತೆರಡಕ್ಕೆ ಕಣ್ಣು ಮುಚ್ಚೋದು. ಹದಿನೈದರ ಮಗ್ಗಿಗೆ ಗೊರಕೆ ಏಳೋದು. ಮಗ್ಗಿ ನಿಂತಿತೋ, ಧಡಕ್ಕನೆ ಎಚ್ಚರ! "ಯಾವನೋ ನಿಲ್ಲಿಸಿದ್ದು? ವಿದ್ಯೆ ಅಂದರೆ ತಮಾಷೆಯಾ?" ಅಂತ ಗುಡುಗೋರು. ಮತ್ತೆ ಹದಿಮೂರೊಂದ್ಲ ಹದಿಮೂರು.

ಆ ಶಾಲೆಯಲ್ಲಿ ಇನ್ನೊಂದು ರೂಢಿ ಇತ್ತು. ಯಾವ ವಿಷಯವಾದರೂ ಸರಿ, ಮೂವರು ಐನೋರೂ ಮೊದಲು ದೊಡ್ಡೈನೋರ ಮುಖ ನೋಡೋರು. ಅವರು ನಕ್ಕರೆ ಇವರೂ ನಗೋರು. ಅವರು ಮೂಗು ಮುರಿದರೆ ಇವರೂ ಮೂಗು ಮುರಿಯೋರು. ಅವರು ಸೀನಿದರೆ ಇವರಿಗೆ ನೆಗಡಿ!

ಹೀಗಿರುವಾಗ ಒಂದು ದಿನ ದೊರೆ ತನ್ನ ಕುದುರೆ ಲಾಯದಲ್ಲಿ ನಿಂತಿದ್ದ. ಕಡ್ಲೆಬಾಳಿನ ಶಾಲೆಯಲ್ಲಿ ಓದಿದ ಒಬ್ಬ ಹುಡುಗ ಅಲ್ಲಿ ಕೆಲಸಕ್ಕೆ ಸೇರಿದ್ದ. ದೊರೆ ಕೇಳಿದ, "ನಿನಗೆ ಮಗ್ಗಿ ಬರುತ್ತೇನಪ್ಪಾ?"

"ಇಪ್ಪತ್ತರವರೆಗೆ ಬರುತ್ತೆ ಮಹಾಸ್ವಾಮಿ. ಹಿಂದಿಂದ ಬೇಕಾದರೂ ಹೇಳ್ತೀನಿ."

"ಭಲೇ! ಎಂಟು ಕುದುರೆ. ಒಂದಕ್ಕೆ ಏಳು ಕಂತೆ ಹುಲ್ಲು. ಎಷ್ಟು ಕಂತೆ ತರಿಸಲಿ?"

ಹುಡುಗ ತಲೆ ಕೆರೆದುಕೊಂಡ. "ಕುದುರೆ ಮಗ್ಗಿ ನಮಗೆ ಹೇಳಿಕೊಟ್ಟಿಲ್ಲ ಮಹಾಸ್ವಾಮಿ" ಅಂದ.

ದೊರೆಗೆ ನಗು ಬಂತು. ನಗು ಮುಗಿದ ಮೇಲೆ ದುಃಖ ಬಂತು. ದುಃಖ ಆರಿದ ಮೇಲೆ ಬುದ್ಧಿ ಓಡಿತು. ಮಂತ್ರಿಯನ್ನ ಕರೆಸಿ ಒಂದು ಓಲೆ ಬರೆಸಿದ. ಓಲೆ ಸುತ್ತಿ, ದಾರ ಕಟ್ಟಿ, ದಾರದ ಗಂಟಿಗೆ ಅರಗು ಹಾಕಿ, ಅರಗಿನ ಮೇಲೆ ತನ್ನ ಮುದ್ರೆ ಒತ್ತಿ, ಓಲೆಕಾರನ ಕೈಲಿ ಕಡ್ಲೆಬಾಳಿಗೆ ಕಳಿಸಿದ. ಆ ಮುದ್ರೆಯನ್ನ ಶಾಲೆಯ ದೊಡ್ಡೈನೋರು ಬಿಟ್ಟು ಇನ್ನೊಬ್ಬರು ಒಡೆಯೋ ಹಾಗಿಲ್ಲ. ಹಾಗಂತ ಕಟ್ಟಪ್ಪಣೆ.

ಓಲೆಕಾರ ಬಂದು ಹೊಸಿಲಲ್ಲಿ ನಿಂತು, "ದೊಡ್ಡೈನೋರೆ, ಹೊಸ ಪಾಠದ ಓಲೆ. ಮಧ್ಯಾಹ್ನದ ಹೊತ್ತು ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗಿ, ಕೈಯಾರೆ ಎಣಿಸೋದು ಅಳೆಯೋದು ಕಲಿಸಬೇಕಂತೆ. ವಿವರವೆಲ್ಲ ಒಳಗಿದೆ" ಅಂದ.

ಮಧ್ಯಾಹ್ನದ ಹೊತ್ತು! ದೊಡ್ಡೈನೋರ ಎದೆ ಧಸಕ್ಕೆಂದಿತು. ಮಕ್ಕಳು ಹೊರಗೆ ಹೋದರೆ ಮಗ್ಗಿ ಎಲ್ಲಿ? ಮಗ್ಗಿ ಇಲ್ಲದಿದ್ದರೆ ನಿದ್ದೆ ಎಲ್ಲಿ? ಓಲೆಯನ್ನ ತಟ್ಟೆಯಲ್ಲಿಟ್ಟುಕೊಂಡು ಒಳಕೋಣೆಗೆ ಹೋದರು, ಬಾಗಿಲು ಹಾಕಿಕೊಂಡರು. ಬಿಚ್ಚಿದರೆ ತಾನೇ ಓದಬೇಕು, ಓದಿದರೆ ತಾನೇ ಮಾಡಬೇಕು ಅಂದುಕೊಂಡು ಓಲೆಯನ್ನ ಪಕ್ಕಕ್ಕಿಟ್ಟು ಒಂದು ನಿದ್ದೆ ತೆಗೆದರು. ಒಳಗಿಂದ ಗೊರಗೊರ ಸದ್ದು ಬಂತು. ಹೊರಗೆ ನಿಂತ ಮೂವರು ಐನೋರೂ ದೊಡ್ಡೈನೋರು ಮಂತ್ರ ಹೇಳುತ್ತಾ ಓದುತ್ತಿದ್ದಾರೆ ಅಂದುಕೊಂಡು ಕೈ ಮುಗಿದರು.

ಸಂಜೆಗೆ ದೊಡ್ಡೈನೋರು ಹೊರಗೆ ಬಂದರು. ಬೇವಿನಕಾಯಿ ಜಗಿದೋರ ಹಾಗೆ ಮುಖ ಮಾಡಿದರು. ಪಾಲಾಕ್ಷಯ್ಯನ ಕಡೆ ತಿರುಗಿ, "ಓದಿದೆನಪ್ಪಾ. ಓದಬಾರದಾಗಿತ್ತು. ಇನ್ನು ಮೇಲೆ ಮಗ್ಗಿ ಇಲ್ಲವಂತೆ. ಮಗ್ಗಿ ಹೇಳಿಸೋ ಐನೋರಿಗೆ ಕೆಲಸವೂ ಇಲ್ಲವಂತೆ" ಅಂದರು.

ಪಾಲಾಕ್ಷಯ್ಯನ ಕಾಲ ಕೆಳಗಿನ ನೆಲ ಕುಸಿಯಿತು.

"ಹೆದರಬೇಡ, ನಾನಿದ್ದೀನಲ್ಲ. ಪಾಠ ಎಂದಿನ ಹಾಗೇ ನಡೀಲಿ. ದೊರೆಯ ಓಲೆ ಅಂದರೆ ಸಾಕ್ಷಾತ್ ದೊರೆ. ಅದಕ್ಕೆ ಪೂಜೆ ಆಗಬೇಕು, ಯಾರೂ ಮುಟ್ಟಬಾರದು" ಅಂತ ಹೇಳಿ, ಓಲೆಯನ್ನ ಗೋಡೆಯ ಎತ್ತರದ ಗೂಡಿನಲ್ಲಿಟ್ಟು, ಅರಿಶಿನ ಕುಂಕುಮ ಮೆತ್ತಿ, ಹೂ ಏರಿಸಿ, ಕರ್ಪೂರ ಬೆಳಗಿದರು. ಮಕ್ಕಳಿಗೆ ಕೊಬ್ಬರಿ ಸಕ್ಕರೆ ಸಿಕ್ಕಿತು. ಹೊಸ ಪಾಠದಿಂದ ಅವರಿಗೆ ಸಿಕ್ಕಿದ್ದು ಅಷ್ಟೇ.

ಒಂದು ತಿಂಗಳಾಯಿತು. ಎರಡನೇ ಓಲೆ ಬಂತು. ಮತ್ತೆ ಬಾಗಿಲು ಹಾಕಿದ್ದಾಯಿತು, ಮತ್ತೆ ಗೊರಗೊರ ಆಯಿತು. ದೊಡ್ಡೈನೋರು ಈ ಸಲ ಸಾಂಬಯ್ಯನ ಕಡೆ ತಿರುಗಿದರು. "ಮಕ್ಕಳಿಂದ ಬಾವಿ ಅಳೆಸಬೇಕಂತೆ. ಮೊದಲು ಐನೋರೇ ಇಳಿದು ತೋರಿಸಬೇಕಂತೆ."

"ಅಯ್ಯಯ್ಯೋ ಶಿವನೇ!" ಅಂತ ಸಾಂಬಯ್ಯ ಅಲ್ಲೇ ಕುಕ್ಕರಿಸಿದ. ಎರಡನೇ ಓಲೆಯೂ ಗೂಡು ಸೇರಿತು. ಅರಿಶಿನ, ಕುಂಕುಮ, ಕರ್ಪೂರ.

ಇನ್ನೊಂದು ತಿಂಗಳಾಯಿತು. ಮೂರನೇ ಓಲೆ ಬಂತು. ಈ ಸಲ ತಿಮ್ಮರಸಯ್ಯನ ಸರದಿ. "ಮಕ್ಕಳು ಪ್ರಶ್ನೆ ಕೇಳಬೇಕಂತೆ. ಉತ್ತರ ತಿಳಿಯದ ಐನೋರ ಮೀಸೆ ಬೋಳಿಸಬೇಕಂತೆ." ತಿಮ್ಮರಸಯ್ಯ ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡ. ಅರಿಶಿನ, ಕುಂಕುಮ, ಕರ್ಪೂರ.

ನೋಡಿದಿರಾ ಆ ಮಹಾನುಭಾವನ ಜಾಣತನ! ಯಾರಿಗೆ ಎಲ್ಲಿ ಚುಚ್ಚಿದರೆ ನೋವು ಅಂತ ಗೊತ್ತಿತ್ತು, ಅಲ್ಲಲ್ಲೇ ಚುಚ್ಚಿದರು. ಓಲೆಕಾರ ಹೊರಡೋ ಮುಂಚೆ ಮೂವರನ್ನೂ ಕೇಳಿದ, "ಹೊಸ ಪಾಠ ಹೇಗಿದೆ ಐನೋರೆ?"

"ಕಹಿ" ಅಂದ ಸಾಂಬಯ್ಯ. "ಹಾಗಲಕಾಯಿ" ಅಂದ ತಿಮ್ಮರಸಯ್ಯ. "ವಿಷ" ಅಂದ ಪಾಲಾಕ್ಷಯ್ಯ. ಒಬ್ಬನೂ ಅದನ್ನ ಓದಿರಲಿಲ್ಲ, ಮಾಡಿರಲಿಲ್ಲ, ಕಣ್ಣಿಂದ ನೋಡಿರಲೂ ಇಲ್ಲ.

ಓಲೆಕಾರ ಹೋಗಿ ಹಾಗೇ ಒಪ್ಪಿಸಿದ. ದೊರೆಗೆ ಸಿಟ್ಟು ನೆತ್ತಿಗೇರಿತು. "ದಶಮಿಯ ದಿನ ನಾನೇ ಬರುತ್ತೇನೆ. ಮಕ್ಕಳಿಗೆ ಲೆಕ್ಕ ಕೇಳುತ್ತೇನೆ. ಬರದಿದ್ದರೆ ಶಾಲೆಗೆ ಬೀಗ, ಐನೋರುಗಳು ಮನೆಗೆ" ಅಂತ ಡಂಗುರ ಸಾರಿಸಿದ.

ಪಾಲಾಕ್ಷಯ್ಯನಿಗೆ ಅನ್ನ ಸೇರಲಿಲ್ಲ. ಹೊಸ ಪಾಠ ಬಂದರೆ ಮಗ್ಗಿ ಐನೋರಿಗೆ ಕೆಲಸವಿಲ್ಲ. ಬರದಿದ್ದರೆ ಶಾಲೆಯೇ ಇಲ್ಲ. ಅತ್ತ ದರಿ, ಇತ್ತ ಪುಲಿ! ದಶಮಿಗೆ ಇನ್ನು ಒಂಬತ್ತೇ ದಿನ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಶಾಲೆಗೆ ಬಂದು, ಓಲೆಗಳ ಗೂಡಿನ ಮುಂದೆ ಕೈ ಮುಗಿದು ನಿಂತು, "ಸ್ವಾಮಿ ಓಲೆಗಳೇ, ನಾನು ನಿಮಗೇನು ಅನ್ಯಾಯ ಮಾಡಿದ್ದೆ?" ಅಂತ ಗಳಗಳ ಅತ್ತ.

ಅಷ್ಟೊತ್ತಿಗೆ ಶಾಲೆ ಗುಡಿಸೋ ಓಬಕ್ಕ ಪೊರಕೆ ಹಿಡಿದು ಬಂದಳು. ಅರವತ್ತು ದಾಟಿದ ಹೆಂಗಸು. ಬಾಯಿ ಜೋರು, ಕರುಳು ಮೆತ್ತಗೆ.

"ಯಾಕೆ ಐನೋರೆ, ಬೆಳಿಗ್ಗೆ ಬೆಳಿಗ್ಗೆನೇ ಕಣ್ಣೀರು?"

"ಓಬಕ್ಕ, ಈ ಓಲೆ ನನ್ನ ಅನ್ನ ಕಿತ್ತುಕೊಳ್ತು."

"ಯಾವ ಓಲೆ? ಈ ಓಲೆನಾ?" ಓಬಕ್ಕ ಮರದ ಒರಳು ತಂದು ಬೋರಲು ಹಾಕಿ ಮೇಲೆ ಹತ್ತಿದಳು. ಬಾಡಿದ ಹೂ ಉದುರಿಸಿದಳು. ಎರಡು ತಿಂಗಳಿನಿಂದ ಮೆತ್ತಿದ ಕುಂಕುಮವನ್ನ ಸೆರಗಿನ ತುದಿಯಿಂದ ಒರೆಸಿದಳು. ಆಮೇಲೆ ಹುಬ್ಬು ಗಂಟು ಹಾಕಿದಳು. "ಐನೋರೆ, ಇದನ್ನ ಯಾರು ಓದಿದ್ದು?"

"ದೊಡ್ಡೈನೋರು. ಮೂರನ್ನೂ."

"ಹೆಂಗೆ ಓದಿದರು? ಹೊರಗಿಂದ ಮೂಸಿ ನೋಡಿದರಾ? ಅರಗು ಒಡೆದೇ ಇಲ್ವಲ್ಲ!"

ಪಾಲಾಕ್ಷಯ್ಯನ ಅಳು ಅಲ್ಲಿಗೇ ನಿಂತಿತು. "ಏನಂದೆ?"

"ನನಗೆ ಅಕ್ಷರ ಬರಲ್ಲ ಐನೋರೆ, ಅರಗು ಬರುತ್ತೆ. ನಮ್ಮವ್ವ ಅರಗಿನ ಬಳೆ ಮಾಡೋಳು. ಒಂದು ಸಲ ಒಡೆದ ಅರಗು ಮತ್ತೆ ಹಿಂಗೆ ಕೂರಲ್ಲ. ಬಂದು ನೋಡಿ ಬೇಕಾದ್ರೆ, ಮೂರಕ್ಕೂ ದೊರೆ ಮುದ್ರೆ ಹೆಂಗೆ ಬಂತೋ ಹಂಗೇ ಇದೆ."

ಪಾಲಾಕ್ಷಯ್ಯ ಒರಳು ಹತ್ತಿ ನೋಡಿದ. ನಿಜ! ಒಂದನ್ನೂ ಒಡೆದಿಲ್ಲ, ಒಂದನ್ನೂ ಬಿಚ್ಚಿಲ್ಲ. ಮೊದಲು ಮೈ ತಣ್ಣಗಾಯಿತು, ಆಮೇಲೆ ಉರಿಯಿತು. "ಎರಡು ತಿಂಗಳು ಓಬಕ್ಕ! ಎರಡು ತಿಂಗಳು ನಾನು ಸರಿಯಾಗಿ ಉಂಡಿಲ್ಲ! ಯಾರೂ ಓದದ ಓಲೆಗೆ ನಾನು ವಿಷ ಅಂದೆನಲ್ಲ! ಈಗಲೇ ಒಡೆದು ಓದಿಬಿಡ್ತೀನಿ."

"ತಡೀರಿ. ಒಡೆದರೆ ತಪ್ಪು ನಿಮ್ಮ ತಲೆಗೆ ಬರುತ್ತೆ. ದೊಡ್ಡೈನೋರು ಓದದೇನೇ ನಿಮಗೆ ಹೇಳಿದರು ತಾನೆ? ನಾವೂ ಓದದೇನೇ ಅವರಿಗೆ ಹೇಳೋಣ. ಅದು ನನಗೆ ಬಿಡಿ. ನೀವು ಮಕ್ಕಳ ಕಡೆ ನೋಡಿ. ಓಲೆಕಾರ ಹೊಸಿಲಲ್ಲಿ ಅಂದಿದ್ದು ನನ್ನ ಕಿವಿಗೆ ಬಿದ್ದಿತ್ತು. ಕೈಯಾರೆ ಎಣಿಸಬೇಕಂತೆ, ಅಳೆಯಬೇಕಂತೆ. ಅಷ್ಟು ನಿಮ್ಮ ಕೈಲಾಗಲ್ವಾ?"

ಆಗುತ್ತೋ ಇಲ್ಲವೋ ಪಾಲಾಕ್ಷಯ್ಯನಿಗೆ ಗೊತ್ತಿರಲಿಲ್ಲ. ಆದರೆ ಸುಮ್ಮನೆ ಕೂತರೆ ಬೀಗ ಅನ್ನೋದು ಗೊತ್ತಿತ್ತು. ಅವತ್ತು ಮಧ್ಯಾಹ್ನ ದೊಡ್ಡೈನೋರು ಉರುಳಿಕೊಂಡರು. ಪಾಲಾಕ್ಷಯ್ಯ ಮಕ್ಕಳನ್ನ ಎರಡು ಪಾಳಿ ಮಾಡಿದ. ಮೂವತ್ತು ಮಕ್ಕಳು ಜಗುಲಿಯಲ್ಲಿ ಮಗ್ಗಿ ಹೇಳಬೇಕು, ಮೂವತ್ತು ಮಕ್ಕಳು ಅಂಗಳದಲ್ಲಿ ಎಣಿಸಬೇಕು. ಹೇಳೋರಿಗೆ ಗಂಟಲು ಒಣಗಿದರೆ ಎಣಿಸೋರು ಬರಬೇಕು. ಆದರೆ ಮಗ್ಗಿ ಮಾತ್ರ ಒಂದು ಗಳಿಗೆಯೂ ನಿಲ್ಲಬಾರದು. ನಿಂತರೆ ಹುಲಿ ಏಳುತ್ತೆ!

"ಅಂಗಳದಲ್ಲಿ ಎಷ್ಟು ಚಪ್ಪಡಿ ಇವೆ?" ಅಂತ ಪಿಸುಗುಟ್ಟಿದ ಪಾಲಾಕ್ಷಯ್ಯ. ಮಕ್ಕಳು ಒಂದು, ಎರಡು ಅಂತ ಎಣಿಸುತ್ತಾ ಕಪ್ಪೆಯ ಹಾಗೆ ಕುಪ್ಪಳಿಸಿದರು, ಮಧ್ಯಕ್ಕೆ ಮರೆತರು, ಜಗಳ ಆಡಿದರು. ಕೆಂಚಿ ಅನ್ನೋ ಒಂಬತ್ತು ವರ್ಷದ ಹುಡುಗಿ ಮಾತ್ರ ಕುಪ್ಪಳಿಸಲಿಲ್ಲ. ನಿಂತಲ್ಲೇ ನಿಂತು ಉದ್ದ ನೋಡಿದಳು, ಅಗಲ ನೋಡಿದಳು. "ಐನೋರೆ, ಸಾಲು ಹದಿಮೂರು. ಸಾಲಿಗೆ ಹದಿನಾಕು ಚಪ್ಪಡಿ. ಹದಿಮೂರ್ಹತ್ಲ ನೂರ ಮೂವತ್ತು, ಹದಿಮೂರ್ನಾಕ್ಲ ಐವತ್ತೆರಡು, ಎರಡೂ ಸೇರಿ ನೂರ ಎಂಬತ್ತೆರಡು" ಅಂದಳು. ಆಮೇಲೆ ಕಣ್ಣರಳಿಸಿ ಕೇಳಿದಳು, "ಐನೋರೆ, ಮಗ್ಗಿ ಇರೋದು ಇದಕ್ಕೇನಾ?"

ಪಾಲಾಕ್ಷಯ್ಯ ಅಲ್ಲೇ ನೆಲಕ್ಕೆ ಕೂತುಬಿಟ್ಟ. ಇಪ್ಪತ್ತೆರಡು ವರ್ಷದಲ್ಲಿ ಒಂದು ಮಗುವೂ ಈ ಮಾತು ಕೇಳಿರಲಿಲ್ಲ. ಯಾಕೆ ಕೇಳುತ್ತೆ? ಅವನೇ ಹೇಳಿರಲಿಲ್ಲವಲ್ಲ! "ಹೂಂ ಕಣವ್ವಾ, ಇದಕ್ಕೇ" ಅಂದ. ಇದು ವಿಷ ಅಂತ ಹೇಳಿದ್ದ ನಾಲಿಗೆಯನ್ನ ಕಚ್ಚಿಕೊಂಡ.

ಅವತ್ತಿಂದ ಹುಚ್ಚು ಹಿಡಿದ ಹಾಗಾಯಿತು. ಕಂಬದ ಎತ್ತರ ಅಳೆದರು. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಬಾವಿಯ ಆಳ ಅಳೆದರು. ಅಳೆಯೋಕೆ ಇನ್ನೇನೂ ಉಳಿಯದೆ ಹೋದಾಗ ಯಾರ ಕಣ್ಣು ಎತ್ತ ಹೊರಳಿತೋ, ಜಗುಲಿಯ ಮೇಲೆ ಏರಿ ಇಳಿಯುತ್ತಿದ್ದ ದೊಡ್ಡೈನೋರ ಹೊಟ್ಟೆಯನ್ನೂ ಅಳೆದರು. ಕೆಂಚಿ ಹಗ್ಗ ಸುತ್ತಿದಳು, ಮಿಕ್ಕವರು ಉಸಿರು ಬಿಗಿಹಿಡಿದು ಮಗ್ಗಿ ಹೇಳಿದರು. ಪಾಲಾಕ್ಷಯ್ಯ ಬೇಡ ಬೇಡ ಅಂತ ಕೈಸನ್ನೆ ಮಾಡುತ್ತಾ ಓಡಿ ಬರುವಷ್ಟರಲ್ಲಿ ಅಳತೆ ಮುಗಿದಿತ್ತು.

ಸಾಂಬಯ್ಯ, ತಿಮ್ಮರಸಯ್ಯ ದೂರ ನಿಂತು ಮೂಗು ಮುರಿದರು. "ಏನಯ್ಯ ಇದು ಮಂಗನಾಟ? ದೊಡ್ಡೈನೋರು ಕಹಿ ಅಂದಿಲ್ಲವಾ?"

"ಒಂದು ಸಲ ಮಾಡಿ ನೋಡಿ" ಅಂದ ಪಾಲಾಕ್ಷಯ್ಯ.

"ದೊಡ್ಡೈನೋರು ಹೇಳಿದ ಮೇಲೆ ಮುಗೀತು. ನೋಡೋದೇನಿದೆ?"

ದಶಮಿಗೆ ನಾಲ್ಕು ದಿನ ಉಳೀತು. ಓಬಕ್ಕ ದೊಡ್ಡೈನೋರ ಜಗುಲಿ ಗುಡಿಸುತ್ತಾ ಗುಡಿಸುತ್ತಾ ತನ್ನಷ್ಟಕ್ಕೆ ತಾನು ಮಾತಾಡಿದಳು. "ಪುಣ್ಯವಂತರು ಬಿಡಪ್ಪ. ಕೆಲವರಿಗೆ ಕೂತಲ್ಲಿಗೇ ಬರುತ್ತೆ."

"ಏನೇ ಅದು?" ಅಂದರು ದೊಡ್ಡೈನೋರು.

"ಅರಮನೆಗೆ ನೀರು ಹೊರೋಳು ಸಂತೇಲಿ ಸಿಕ್ಕಿದ್ಲು ದೊಡ್ಡೈನೋರೆ. ಮೂರನೇ ಓಲೇಲಿ ನಿಮಗೆ ದೊರೆ ತೂಗುಮಂಚ ಬರೆದಿದ್ದಾರಂತೆ. ದಿನಾ ಮಧ್ಯಾಹ್ನ ಅದರಲ್ಲೇ ಮಲಗಬೇಕಂತೆ. ಬೀಸಣಿಗೆ ಬೀಸೋಕೆ ಇಬ್ಬರು ಆಳಂತೆ. ಎದ್ದ ಮೇಲೆ ಬಾದಾಮಿ ಹಾಲಂತೆ. ನನಗೇನು ಗೊತ್ತು, ಓದಿದೋರು ನೀವು."

ದೊಡ್ಡೈನೋರು ಎದ್ದು ಕೂತರು. ಗೂಡಿನ ಕಡೆ ನೋಡಿದರು. ಒಡೆದು ಓದಿಬಿಡೋಣ ಅಂದರೆ, ಇಷ್ಟು ದಿನ ಒಡೆದೇ ಇರಲಿಲ್ಲ ಅನ್ನೋದು ಎಲ್ಲರಿಗೂ ತಿಳಿಯುತ್ತೆ. ಬಿಡೋಣ ಅಂದರೆ, ಬಾದಾಮಿ ಹಾಲು! ನಾಲಿಗೆ ಗೆದ್ದಿತು. "ಗೊತ್ತು ಗೊತ್ತು. ಓದಿದ್ದೆ. ಹೇಳಿಕೊಳ್ಳೋದು ಬೇಡ ಅಂತ ಸುಮ್ಮನಿದ್ದೆ" ಅಂದರು.

ಸಂಜೆಗೆ ಮೂವರನ್ನೂ ಕರೆಸಿದರು. ಮುಖ ಹೋಳಿಗೆಯ ಹಾಗೆ ಅರಳಿತ್ತು. "ಮೂರನೇ ಓಲೆಯನ್ನ ಇನ್ನೊಂದು ಸಲ ಓದಿದೆ ಕಣ್ರಯ್ಯ. ಹೊಸ ಪಾಠ ಬಹಳ ಒಳ್ಳೇದು. ದೊರೆ ಬಹಳ ದೂರ ಯೋಚನೆ ಮಾಡಿದ್ದಾರೆ."

ಅಷ್ಟೇ ನೋಡಿ! ಸಾಂಬಯ್ಯನ ಮುಖ ಅರಳಿತು. "ನನಗೂ ಮೊದಲಿಂದ ಹಾಗೇ ಅನ್ನಿಸ್ತಿತ್ತು" ಅಂದ. ತಿಮ್ಮರಸಯ್ಯ ಮೀಸೆ ತಿರುವಿ, "ಸಕ್ಕರೆ! ಕಲ್ಲುಸಕ್ಕರೆ!" ಅಂದ. ಮಾರನೇ ದಿನ ಇಬ್ಬರೂ ಹಗ್ಗ ಹಿಡಿದು ಪಾಲಾಕ್ಷಯ್ಯನಿಗಿಂತ ಮುಂಚೆ ಅಂಗಳದಲ್ಲಿ ಹಾಜರು! ಪಾಲಾಕ್ಷಯ್ಯ ಹಣೆ ಚಚ್ಚಿಕೊಂಡ. ಓಲೆ ಅದೇ, ಅರಗು ಅದೇ, ಬದಲಾಗಿದ್ದು ದೊಡ್ಡೈನೋರ ಮುಖ ಒಂದೇ.

ದಶಮಿ ಬಂತು. ದೊರೆ ಬಂದ. ಹಿಂದೆ ಕುದುರೆ ಸಾಲು, ಪಕ್ಕದಲ್ಲಿ ಮಂತ್ರಿ. ಮಂತ್ರಿಯ ಕೈಲಿ ತೆಂಗಿನಕಾಯಿ ಗಾತ್ರದ ಬೀಗ. ಪಾಲಾಕ್ಷಯ್ಯ ಬೀಗವನ್ನೇ ನೋಡಿದ. ಅವನ ಅನ್ನ, ಅವನ ಮಕ್ಕಳು, ಅವನ ಇಪ್ಪತ್ತೆರಡು ವರ್ಷ, ಎಲ್ಲಾ ಆ ಬೀಗದ ಬಾಯಲ್ಲಿತ್ತು.

ದೊರೆ ಒಳಗೆ ಕಾಲಿಟ್ಟವನು ಅಲ್ಲೇ ನಿಂತ. ಜಗುಲಿಯ ಮಧ್ಯೆ ಒಂದು ತೂಗುಮಂಚ. ಅದಕ್ಕೆ ಮಲ್ಲಿಗೆ ದಂಡೆ. ಅದರ ಮೇಲೆ ದೊಡ್ಡೈನೋರು.

"ಇದೇನಿದು?" ಅಂದ ದೊರೆ.

"ತಮ್ಮದೇ ಅಪ್ಪಣೆ ಮಹಾಪ್ರಭು" ಅಂತ ದೊಡ್ಡೈನೋರು ಇಳಿದು ಕೈ ಮುಗಿದರು. "ಮಂಚ ಊರೋರಿಂದ ಕೇಳಿ ತಂದೆ. ಆಳು, ಹಾಲು ಅರಮನೆಯಿಂದ ಬರುತ್ತೆ ಅಂತ ಕಾಯ್ತಾ ಇದ್ದೀನಿ."

"ನನ್ನ ಅಪ್ಪಣೆಯಾ? ಯಾವ ಓಲೆಯಲ್ಲಿ?"

"ಮೂರನೇ ಓಲೆ ಪ್ರಭು. ಅಕ್ಷರ ಅಕ್ಷರ ಓದಿದ್ದೇನೆ."

"ಮೊದಲನೆಯದರಲ್ಲಿ ಏನಿತ್ತು?"

ದೊಡ್ಡೈನೋರು ಬೆವರಿದರು. ಮೂವರು ಐನೋರ ಎದುರು ಬೇರೆ ಮಾತು ಹೇಳೋ ಹಾಗಿಲ್ಲ. "ಮಗ್ಗಿ ಬೇಡ ಅಂತ."

"ಎರಡನೆಯದರಲ್ಲಿ?"

"ಐನೋರು ಬಾವಿಗೆ ಇಳೀಬೇಕು ಅಂತ."

ದೊರೆ ಮಂತ್ರಿಯ ಮುಖ ನೋಡಿದ, ಮಂತ್ರಿ ದೊರೆಯ ಮುಖ ನೋಡಿದ. "ಆ ಓಲೆ ತನ್ನಿ" ಅಂದ ದೊರೆ. ಓಬಕ್ಕ ಒರಳು ಹತ್ತಿ ಇಳಿಸಿ ಕೊಟ್ಟಳು. ಮಂತ್ರಿ ಕುಂಕುಮ ಕೊಡವಿದ. ಮೊದಲನೇ ಓಲೆ, ಅರಗು ಒಡೆದಿಲ್ಲ. ಎರಡನೇ ಓಲೆ, ಅರಗು ಒಡೆದಿಲ್ಲ. ಮೂರನೇ ಓಲೆ, ಅರಗು ಒಡೆದಿಲ್ಲ!

ದೊಡ್ಡೈನೋರ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ದೊರೆಯ ಕಣ್ಣು ಕೆಂಡವಾಯಿತು. "ಓದದ ಶಾಲೆ ಯಾಕೆ ಬೇಕು? ಹಾಕಿ ಬೀಗ!"

ಪಾಲಾಕ್ಷಯ್ಯ ಎಲ್ಲಿತ್ತೋ ಧೈರ್ಯ, ಓಡಿ ಬಂದು ಬಾಗಿಲಿಗೆ ಅಡ್ಡ ನಿಂತ. "ಮಹಾಸ್ವಾಮಿ, ತಪ್ಪು ನಮ್ಮದು. ಓಲೆ ಓದದೆ ಅವರ ಮುಖ ಓದಿದೆವು. ನಮ್ಮನ್ನ ಮನೆಗೆ ಕಳಿಸಿ. ಆದರೆ ಬೀಗ ಹಾಕೋ ಮುಂಚೆ ಮಕ್ಕಳನ್ನ ಒಂದು ಮಾತು ಕೇಳಿ. ಒಂದೇ ಒಂದು ಮಾತು."

ದೊರೆ ಸುತ್ತ ನೋಡಿದ. ಮುಂದೆ ನಿಂತಿದ್ದವಳು ಕೆಂಚಿ. "ಏನಮ್ಮಾ, ಹೊರಗೆ ನನ್ನ ಹದಿನಾರು ಕುದುರೆ ಕಟ್ಟಿವೆ. ಒಂದಕ್ಕೆ ಒಂಬತ್ತು ಕಂತೆ ಹುಲ್ಲು. ಎಷ್ಟು ತರಿಸಲಿ?"

ಪಾಲಾಕ್ಷಯ್ಯ ಕಣ್ಣು ಮುಚ್ಚಿಕೊಂಡ. ಕೆಂಚಿ ಬಾಗಿಲಿಗೆ ಹೋಗಿ ಒಂದು ಸಲ ಇಣುಕಿ ಬಂದಳು. "ಹದಿನಾರೊಂಬತ್ಲ ನೂರ ನಲವತ್ನಾಕು. ಆದ್ರೆ ಅಷ್ಟು ತರಿಸಬೇಡಿ ದೊರೆ. ಆ ಬಿಳೀದು ಇನ್ನೂ ಮರಿ, ಹಾಲು ಕುಡಿಯುತ್ತೆ. ಹದಿನೈದಕ್ಕೆ ನೂರ ಮೂವತ್ತೈದು ಸಾಕು."

ದೊರೆ ಹುಬ್ಬೇರಿಸಿದ. ಸಿಟ್ಟು ಅರ್ಧಕ್ಕರ್ಧ ಇಳಿಯಿತು. "ಇನ್ನೇನೇನು ಅಳೆದಿದ್ದೀಯಮ್ಮಾ?"

"ಅಂಗಳ ಅಳೆದಿದ್ದೀವಿ. ಬಾವಿ ಆರು ಮಾರು ಆಳ. ಆಮೇಲೆ ದೊಡ್ಡೈನೋರ ಹೊಟ್ಟೆ ಸುತ್ತ ಏಳು ಗೇಣು. ಗೊರಕೆ ಹೊಡೆವಾಗ ಇನ್ನೂ ನಾಕು ಬೆರಳು ಜಾಸ್ತಿ."

ದೊರೆ ನಕ್ಕ ನೋಡಿ! ನಕ್ಕೂ ನಕ್ಕೂ ತೂಗುಮಂಚದ ಮೇಲೆ ಕೂತ. ಮಂತ್ರಿ ನಗು ತಡೆಯೋಕಾಗದೆ ಬೀಗ ಕೆಳಗಿಟ್ಟ. ಮಕ್ಕಳು ನಕ್ಕರು, ಹೊರಗೆ ಕುದುರೆಗಳೂ ಕೆನೆದವು. ನಗು ಆರಿದ ಮೇಲೆ ದೊರೆ ಓಲೆಗಳನ್ನ ಪಾಲಾಕ್ಷಯ್ಯನ ಕೈಗಿಟ್ಟ. "ಒಡೆಯಿರಿ ಐನೋರೆ. ಇದೋ, ನಾನೇ ಹೇಳ್ತಿದ್ದೀನಿ. ಎಲ್ಲರೂ ಕೇಳೋ ಹಾಗೆ ಓದಿ."

ಪಾಲಾಕ್ಷಯ್ಯ ಮೊದಲನೇ ಮುದ್ರೆ ಒಡೆದ. "ಮಗ್ಗಿ ಬಿಡಬೇಡಿ. ಮಗ್ಗಿ ಹೇಳಿಸುವ ಐನೋರೇ ಹೊಸ ಪಾಠಕ್ಕೆ ಮುಂದೆ ನಿಲ್ಲಲಿ. ಅವರಿಲ್ಲದೆ ಇದು ನಡೆಯದು."

ಎರಡನೆಯದನ್ನ ಒಡೆದ. "ಬಾವಿಯನ್ನು ದಂಡೆಯ ಮೇಲೆ ನಿಂತೇ ಹಗ್ಗದಿಂದ ಅಳೆಸಿ. ಯಾರೂ ಇಳಿಯಬೇಡಿ."

ಮೂರನೆಯದನ್ನ ಒಡೆದ. "ಮಗು ಕೇಳಿದ್ದು ತಿಳಿಯದಿದ್ದರೆ, ನನಗೂ ತಿಳಿಯದು, ಇಬ್ಬರೂ ಹುಡುಕೋಣ ಅನ್ನಿ. ಅದರಲ್ಲಿ ಅವಮಾನವಿಲ್ಲ."

ತಿಮ್ಮರಸಯ್ಯ ಮೀಸೆಯ ಮೇಲಿನ ಕೈ ತೆಗೆದ. ಸಾಂಬಯ್ಯ ನಿಟ್ಟುಸಿರು ಬಿಟ್ಟ. ಪಾಲಾಕ್ಷಯ್ಯ ಮೊದಲನೇ ಓಲೆಯನ್ನ ಇನ್ನೊಂದು ಸಲ ಓದಿದ, ಎದೆಗೊತ್ತಿಕೊಂಡ. "ಅವರಿಲ್ಲದೆ ನಡೆಯದು ಅಂತ ಬರೆದಿದ್ದೀರಿ ಸ್ವಾಮಿ, ನನಗೆ! ನಾನು ಎರಡು ತಿಂಗಳು ಇದಕ್ಕೆ ಹೆದರಿ ಸತ್ತೆನಲ್ಲ!" ಅಂತ ಮಗ್ಗಿಯ ಲಯದಲ್ಲೇ ಬಿಕ್ಕಿ ಬಿಕ್ಕಿ ಅತ್ತ.

ದೊರೆ ಉಳಿದಿಬ್ಬರ ಕಡೆ ತಿರುಗಿ ಕೇಳಿದ, "ಈಗ ಹೇಳಿ, ಹೊಸ ಪಾಠ ಹೇಗಿದೆ?"

ಇಬ್ಬರೂ ರೂಢಿಯ ಮೇಲೆ ದೊಡ್ಡೈನೋರ ಮುಖ ನೋಡಿದರು. ಅಲ್ಲಿ ಮುಖ ಎಲ್ಲಿತ್ತು? ಶಲ್ಯದೊಳಗೆ ಹುದುಗಿತ್ತು. ಪಾಲಾಕ್ಷಯ್ಯನ ಮುಖ ನೋಡಿದರು. ಅವನು ಅಳುತ್ತಾ ಇದ್ದ, ನಗುತ್ತಲೂ ಇದ್ದ. ಏನೂ ತಿಳಿಯದೆ ಸಾಂಬಯ್ಯ ಹುಟ್ಟಿದಾಗಿನಿಂದ ಮೊದಲ ಸಲ ತನ್ನ ಮನಸ್ಸನ್ನೇ ಕೇಳಿಕೊಂಡ. "ಸ್ವಲ್ಪ ಕಷ್ಟ ಇದೆ ಪ್ರಭು. ಆದರೆ ಮಕ್ಕಳು ಮನೆಗೆ ಹೋಗು ಅಂದರೂ ಹೋಗ್ತಿಲ್ಲ" ಅಂದ.

"ಇಷ್ಟು ದಿನಕ್ಕೆ ಒಂದು ನಿಜವಾದ ಮಾತು ಕೇಳಿದೆ" ಅಂದ ದೊರೆ.

ತೀರ್ಪಾಯಿತು. ಪಾಲಾಕ್ಷಯ್ಯ ಇನ್ನು ಮೇಲೆ ದೊಡ್ಡೈನೋರು. ಚಿದಾನಂದಯ್ಯನವರು ಒಂದು ವರ್ಷ ದಿನಾ ಮಧ್ಯಾಹ್ನ ಮಕ್ಕಳು ಅಳೆಯುವಾಗ ಹಗ್ಗದ ಆ ತುದಿ ಹಿಡಿದು ನಿಲ್ಲಬೇಕು. ಕೂರೋ ಹಾಗಿಲ್ಲ. ಓಬಕ್ಕನಿಗೆ ದೊರೆ ಏನು ಬೇಕು ಅಂತ ಕೇಳಿದ. "ಅಕ್ಷರ ಬೇಕು ಮಹಾಸ್ವಾಮಿ" ಅಂದಳು ಅವಳು. ತಿಮ್ಮರಸಯ್ಯ ಅವಳಿಗೆ ಅವತ್ತೇ ಮರಳು ಹರಡಿ ಕೊಟ್ಟ.

ಮಳೆಗಾಲ ಕಳೆದ ಮೇಲೆ ಇನ್ನೊಂದು ಓಲೆ ಬಂತು. ಪಾಲಾಕ್ಷಯ್ಯ ಅದನ್ನ ಗೂಡಿನಲ್ಲಿಡಲಿಲ್ಲ. ಎಲ್ಲರನ್ನೂ ಕೂರಿಸಿ, ಎಲ್ಲರ ಎದುರೇ ಒಡೆದು, ಗಟ್ಟಿಯಾಗಿ ಓದಿದ. ಆಮೇಲೆ, "ನನಗೂ ಇದು ಪೂರ್ತಿ ಅರ್ಥ ಆಗಿಲ್ಲ ಕಣ್ರಯ್ಯ. ಒಂದು ಭಾಗ ಅಷ್ಟು ಹಿಡಿಸಲೂ ಇಲ್ಲ. ಹದಿನೈದು ದಿನ ಮಾಡಿ ನೋಡೋಣ. ಸರಿ ಬಂದರೆ ಸರಿ, ಬರದಿದ್ದರೆ ಎಲ್ಲಿ ಬರಲಿಲ್ಲ ಅಂತ ದೊರೆಗೇ ಬರೆಯೋಣ" ಅಂದ. ಸಾಂಬಯ್ಯ ಒಂದು ಹೇಳಿದ, ತಿಮ್ಮರಸಯ್ಯ ಬೇರೆ ಹೇಳಿದ, ಇಬ್ಬರಿಗೂ ಜೋರು ವಾದ ಆಯಿತು. ವಾದ ಮಾಡುತ್ತಲೇ ಇಬ್ಬರೂ ಮಕ್ಕಳ ಹತ್ತಿರ ಹೋದರು.

ಇಲ್ಲಿಗೆ ಕಥೆ ಮುಗೀತು, ನೀತಿ ಕೇಳಿಕೊಂಡು ಏಳಿ. ಹಿರಿಯನಾದವನು ಮೊದಲು ಓದಬೇಕು, ಆಮೇಲೆ ಮುಖ ಮಾಡಬೇಕು, ಯಾಕಂದರೆ ಅವನೊಬ್ಬ ಮೂಗು ಮುರಿದರೆ ಶಾಲೆಗೆ ಶಾಲೆಯೇ ಮೂಗು ಮುರಿಯುತ್ತೆ. ಅವನ ಕೈ ಕೆಳಗಿರೋರು ಅವನ ಮುಖ ಓದೋದು ಬಿಟ್ಟು ಓಲೆ ಓದಬೇಕು. ಹೊಸದು ಕಹಿಯೋ ಸಿಹಿಯೋ, ನಾಲಿಗೆಗೆ ಹಚ್ಚಿಕೊಂಡೋರು ಹೇಳಲಿ.